ಮೈಕ್ ಹಿಡಿದ ಮೇಲೆ ಮೊದಲು ಏನು ಕೇಳಬೇಕು?

"ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ..." ಎಂದು ಶುರುವಾಯಿತೋ, ಹಿಂದಿನ ಸಾಲಿನವರ ಕೈ ಸೀದಾ ಮೊಬೈಲ್‌ಗೆ ಹೋಗುತ್ತದೆ. ಅವರದ್ದೇನೂ ತಪ್ಪಿಲ್ಲ. ಹೆಸರುಗಳ ಪಟ್ಟಿ ಮುಗಿಯಲು ಐದು ನಿಮಿಷ ಬೇಕೆಂದು ಅವರಿಗೆ ಗೊತ್ತು. ಅದರ ಬದಲು ಪ್ರಶ್ನೆಯಿಂದ ಶುರು ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಂಥ ಪ್ರಶ್ನೆ?

ನಾನು ಪೆಟ್ಟು ತಿಂದೇ ಕಲಿತಿದ್ದು. ಒಂದು ಶಾಲೆಯಲ್ಲಿ ಡೆಂಗಿ ಬಗ್ಗೆ ಪೋಷಕರಿಗೆ ನಾಲ್ಕು ಮಾತು ಹೇಳಬೇಕಿತ್ತು. "ಆರೋಗ್ಯವೇ ಭಾಗ್ಯ, ಅಲ್ವಾ?" ಎಂದು ಕೇಳಿದೆ. "ಹೌದೂ..." ಎಂದು ಮಕ್ಕಳು ರಾಗ ಎಳೆದರು. ಪೋಷಕರು ಅದನ್ನೂ ಮಾಡಲಿಲ್ಲ. ಆಮೇಲೆ ಆಡಿದ್ದೆಲ್ಲ ತಲೆ ಮೇಲಿನ ಫ್ಯಾನಿಗೆ ಹೇಳಿದ ಹಾಗಾಯಿತು.

ಇನ್ನೊಂದು ಊರಿನ ಸಮುದಾಯ ಭವನದಲ್ಲಿ ಅದೇ ವಿಷಯ. ಈ ಸಲ ಬೇರೆ ಥರ ಕೇಳಿದೆ: "ನಿಮ್ಮ ಮನೆ ಫ್ರಿಜ್ ಹಿಂದೆ ನೀರು ಬೀಳೋ ಟ್ರೇ ಇರುತ್ತದಲ್ಲ, ಅದನ್ನು ಕೊನೇ ಸಲ ತೊಳೆದಿದ್ದು ಯಾವಾಗ?" ಸಭೆ ಗಪ್‌ಚುಪ್. ಮೂರನೇ ಸಾಲಿನ ಹೆಂಗಸೊಬ್ಬರು ಗಂಡನ ಕಡೆ ತಿರುಗಿ, "ಟ್ರೇನಾ? ಎಲ್ಲಿರುತ್ತೆ ರೀ?" ಎಂದರು. ಅವರಿಗೂ ಗೊತ್ತಿರಲಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಬಾಯಲ್ಲೇ ರೆಡಿ ಇತ್ತು. ಎರಡನೆಯದಕ್ಕೆ ಪ್ರತಿಯೊಬ್ಬರೂ ಮನಸ್ಸಿನಲ್ಲೇ ಮನೆಗೆ ಹೋಗಿ ಹುಡುಕಬೇಕಾಯಿತು. ಅಂಥ ಪ್ರಶ್ನೆ ಕಟ್ಟುವ ದಾರಿ ಇದು.

ಕೊನೆಯಿಂದ ಶುರು ಮಾಡಿ

ನಿಮ್ಮ ಮಾತು ಕೇಳಿ ಮನೆಗೆ ಹೋದವರು ಏನು ಮಾಡಬೇಕು? ಒಂದೇ ವಾಕ್ಯದಲ್ಲಿ ಬರೆಯಿರಿ. ನನ್ನದು: "ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿ, ಪಾತ್ರೆ ಉಜ್ಜಿ ತೊಳೆಯಿರಿ." ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹೊರಬಂದು ರೆಕ್ಕೆ ಬಲಿಯಲು ಸುಮಾರು 8ರಿಂದ 10 ದಿನ ಬೇಕು. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಸುಮ್ನೆ ನೀರು ಚೆಲ್ಲಿದರೆ ಸಾಲದು. ಇಷ್ಟು ಬರೆದ ಮೇಲೆ ಟ್ರೇ ಪ್ರಶ್ನೆ ತಾನಾಗಿಯೇ ಸಿಕ್ಕಿತು.

ಮನೆಯವರ ಮೇಲೆ ಪ್ರಯೋಗಿಸಿ

ಊಟದ ಹೊತ್ತಿಗೆ ಕೇಳಿ ನೋಡಿ. ತಟ್ಟನೆ "ಹೌದು" ಎಂದರೆ ಆ ಪ್ರಶ್ನೆ ಬಿಡಿ. ತುತ್ತು ಕೈಯಲ್ಲೇ ನಿಂತರೆ ಇಟ್ಟುಕೊಳ್ಳಿ. ಯಾವಾಗ, ಎಲ್ಲಿ, ಎಷ್ಟು ಎಂದು ಕೇಳುವ ಪ್ರಶ್ನೆಗಳು ಜಾಸ್ತಿ ಕೆಲಸ ಮಾಡುತ್ತವೆ. ಹಾಗಂತ ಯಾರ ಮರ್ಯಾದೆಗೂ ಕೈ ಹಾಕಬೇಡಿ. ಸಹಕಾರ ಸಂಘದ ಸಭೆಯಲ್ಲಿ "ಯಾರ ಸಾಲ ಬಾಕಿ ಇದೆ, ಕೈ ಎತ್ತಿ" ಎಂದರೆ ಕೈಯಲ್ಲ, ಜನರೇ ಏಳುತ್ತಾರೆ.

ಕೇಳಿ ಸುಮ್ಮನಿರಿ

ಇಲ್ಲೇ ಎಲ್ಲರೂ ಎಡವುವುದು. ಪ್ರಶ್ನೆ ಕೇಳಿ, ಉಸಿರು ಬಿಡದೆ ತಾವೇ ಉತ್ತರ ಹೇಳಿಬಿಡುತ್ತಾರೆ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ವೇದಿಕೆ ಮೇಲೆ ಆ ಮೂರು ಸೆಕೆಂಡು ಮೂರು ಗಂಟೆಯ ಹಾಗನ್ನಿಸುತ್ತದೆ. ಕಾಗದ ನೋಡಬೇಡಿ, ಮೈಕ್ ತಟ್ಟಬೇಡಿ, ಜನರ ಮುಖ ನೋಡಿ.

ಆಮೇಲೆ ಉತ್ತರವನ್ನು ಜಾಸ್ತಿ ಹೊತ್ತು ತೂಗುಹಾಕಬೇಡಿ. ಬಯಲಾಟದಲ್ಲಿ ವೇಷ ರಂಗಕ್ಕೆ ಬರುತ್ತಿದ್ದಂತೆ, ಪಾತ್ರಗಳನ್ನು ಮಾತಾಡಿಸುವ ಸಾರಥಿ "ತಾವು ಯಾರು, ಯಾವ ಊರು?" ಎಂದು ವಿಚಾರಿಸುತ್ತಾನೆ. ಕಿರೀಟ ನೋಡಿದರೆ ಗೊತ್ತಾಗುವುದಿಲ್ಲವೇ? ಆದರೂ ಕೇಳುತ್ತಾನೆ, ಉತ್ತರವೂ ಅಲ್ಲೇ ಬರುತ್ತದೆ. ಆಟಕ್ಕೆ ಕಳೆ ಬರುವುದು ಆಗಲೇ.

ಉತ್ತರವೇ ಬೇಡದ ಪ್ರಶ್ನೆಯೂ ಉಂಟು. ಕ್ರಿ.ಪೂ. 63ರಲ್ಲಿ ರೋಮ್‌ನ ಆಡಳಿತ ಸಭೆ ಸೆನೆಟ್‌ನಲ್ಲಿ ಹೆಸರಾಂತ ಭಾಷಣಕಾರ ಸಿಸೆರೊ ಯಾವ ಪೀಠಿಕೆಯೂ ಇಲ್ಲದೆ, "ಕ್ಯಾಟಿಲಿನ, ಇನ್ನೆಷ್ಟು ದಿನ ನಮ್ಮ ತಾಳ್ಮೆಯನ್ನು ದುರುಪಯೋಗ ಮಾಡಿಕೊಳ್ಳುತ್ತೀಯ?" ಎಂದೇ ಶುರು ಮಾಡಿದ. ಪಿತೂರಿಯ ಆರೋಪ ಹೊತ್ತವನು ಎದುರಿಗೇ ಕೂತಿದ್ದ, ಹಾಗಾಗಿ ನಾಟಿತು. ನಿಮ್ಮ ಅಪಾರ್ಟ್‌ಮೆಂಟ್ ಸಭೆಯಲ್ಲಿ ಇದನ್ನು ಪ್ರಯತ್ನಿಸದಿರುವುದು ಒಳ್ಳೆಯದು.

ಗಣ್ಯರ ಹೆಸರು? "ಎಲ್ಲ ಹಿರಿಯರಿಗೂ ನಮಸ್ಕಾರ" ಎಂದು ಒಂದೇ ಉಸಿರಿನಲ್ಲಿ ಮುಗಿಸಿ, ಪ್ರಶ್ನೆಗೆ ಬನ್ನಿ. ಒಬ್ಬಿಬ್ಬರು ಮುಖ ಗಂಟಿಕ್ಕಬಹುದು, ಇರಲಿ.

ಅವತ್ತು ಸಭೆ ಮುಗಿದು ಚಹಾ ಕುಡಿಯಲು ಹೋದರೆ, ಅಡುಗೆಯವರು ಭವನದ ಫ್ರಿಜ್ಜನ್ನು ಗೋಡೆಯಿಂದ ಎಳೆದು ಹಿಂದೆ ಬಗ್ಗಿದ್ದರು. ಮೊಬೈಲ್ ಟಾರ್ಚ್ ಬಿಟ್ಟು, "ಸಾರ್, ಏನೋ ಪುಳುಪುಳು ಅಂತಿದೆ ಬನ್ನಿ" ಎಂದು ಕರೆದರು.