ಪವನ ವಿದ್ಯುತ್: ಟರ್ಬೈನ್ ನೆಡುವ ಮೊದಲೇ ಲಾಭದ ಲೆಕ್ಕ

ಪವನ ವಿದ್ಯುತ್ ಯೋಜನೆ ಅಂದ ಕೂಡಲೇ ಎಲ್ಲರೂ ಕೇಳುವುದು ಯಾವ ಕಂಪನಿಯ ಟರ್ಬೈನ್, ಎಷ್ಟು ಮೆಗಾವಾಟ್ ಅಂತ. ನಾನು ಮೊದಲು ನೋಡುವುದು ಸಬ್‌ಸ್ಟೇಷನ್ ಎಷ್ಟು ದೂರ, ಅದರಲ್ಲಿ ಇನ್ನಷ್ಟು ವಿದ್ಯುತ್ ತೆಗೆದುಕೊಳ್ಳುವ ಸಾಮರ್ಥ್ಯ ಉಳಿದಿದೆಯಾ ಅಂತ. ಒಳ್ಳೆಯ ಗಾಳಿ ಇದ್ದೂ ಲೈನ್ ಸಿಗದೆ ಸುಮ್ನೆ ಬಿದ್ದಿರುವ ಜಾಗಗಳು ಬೇಕಾದಷ್ಟಿವೆ. ಲೈನ್ ಸಿಕ್ಕಿದರೂ, ಗ್ರಿಡ್‌ನಲ್ಲಿ ವಿದ್ಯುತ್ ಹೆಚ್ಚಾದಾಗ ಉತ್ಪಾದನೆ ತಗ್ಗಿಸಲು ಹೇಳುತ್ತಾರೆ. ಹಾಗೆ ಕಳೆದುಹೋದ ಯೂನಿಟ್‌ಗಳ ಹಣ ಯಾರು ಕೊಡಬೇಕು ಎಂಬುದನ್ನು ಖರೀದಿ ಒಪ್ಪಂದದಲ್ಲೇ ಬರೆಸಿಕೊಳ್ಳುತ್ತೇನೆ.

ಆಮೇಲೆ ಗಾಳಿ. ಗಾಳಿಯ ಶಕ್ತಿ ಅದರ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಸೆಕೆಂಡಿಗೆ 6 ಮೀಟರ್ ಇದ್ದದ್ದು 7 ಆದರೆ ಶಕ್ತಿ ಸುಮಾರು ಶೇ. 59 ಜಾಸ್ತಿ. (ಅಷ್ಟನ್ನೂ ಟರ್ಬೈನ್ ಹಿಡಿಯುವುದಿಲ್ಲ. ಪೂರ್ಣ ಸಾಮರ್ಥ್ಯ ಮುಟ್ಟಿದ ಮೇಲೆ ಗಾಳಿ ಹೆಚ್ಚಿದರೂ ಉತ್ಪಾದನೆ ಹೆಚ್ಚುವುದಿಲ್ಲ.) ಅಂದರೆ ಅಳತೆ ಸ್ವಲ್ಪ ತಪ್ಪಿದರೂ ಆದಾಯದ ಅಂದಾಜು ಎಲ್ಲೋ ಹೋಗಿಬಿಡುತ್ತದೆ. ಅದಕ್ಕೇ ಗಾಳಿಯ ವೇಗ ಅಳೆಯುವ ಕಂಬಕ್ಕೆ ಖರ್ಚು ಮಾಡಲು ನಾನು ಹಿಂದೆ ಮುಂದೆ ನೋಡುವುದಿಲ್ಲ. ಕಂಬ ಟರ್ಬೈನಿನ ಹಬ್ (ರೆಕ್ಕೆಗಳು ಕೂಡುವ ನಡುಭಾಗ) ಇರುವ ಎತ್ತರಕ್ಕೆ ಹತ್ತಿರ ಇರಬೇಕು, ಒಂದೇ ಎತ್ತರದಲ್ಲಿ ಎರಡು ಮಾಪಕ ಬೇಕು, ಏಕೆಂದರೆ ಒಂದು ಕಡೆಯಿಂದ ಬೀಸುವಾಗ ಕಂಬವೇ ಅಡ್ಡ ಬರುತ್ತದೆ. ಎಲ್ಲ ಋತುಗಳೂ ಸಿಗಲು ಕನಿಷ್ಠ ಒಂದು ವರ್ಷ ಬೇಕು. ಆ ವರ್ಷ ಗಾಳಿಗೆ ಒಳ್ಳೆಯ ವರ್ಷವೋ ಕೆಟ್ಟದ್ದೋ ತಿಳಿಯಲು ಹತ್ತಾರು ವರ್ಷಗಳ ಹವಾಮಾನ ದತ್ತಾಂಶದ ಜೊತೆ ಹೋಲಿಸುತ್ತೇವೆ.

ಇದೆಲ್ಲ ಎಂಜಿನಿಯರ್‌ಗಳ ತಲೆನೋವು ಅನ್ನಿಸಬಹುದು. ಆದರೆ ಸಾಲದ ಮೊತ್ತ ನಿಲ್ಲುವುದು ಇದರ ಮೇಲೆಯೇ. ಪಿ50 ಅಂದರೆ ಮೀರುವ ಸಾಧ್ಯತೆ ಅರ್ಧಕ್ಕರ್ಧ ಇರುವ ಉತ್ಪಾದನೆ. ಸಾಲ ಕೊಡುವವರು ಸಾಮಾನ್ಯವಾಗಿ ಹಿಡಿಯುವುದು ಪಿ90, ಅಂದರೆ ಮೀರುವ ಸಾಧ್ಯತೆ ಶೇ. 90 ಇರುವ ಅಂಕಿ. ಅಂದಾಜಿನ ಅನಿಶ್ಚಿತತೆ ಶೇ. 10 ಇದ್ದರೆ ಪಿ90 ಪಿ50ಗಿಂತ ಸುಮಾರು ಶೇ. 13 ಕೆಳಗಿರುತ್ತದೆ. ಒಳ್ಳೆಯ ಅಳತೆಯಿಂದ ಅನಿಶ್ಚಿತತೆಯನ್ನು ಶೇ. 7ಕ್ಕೆ ಇಳಿಸಿದರೆ ಅಂತರ ಶೇ. 9. ಗಾಳಿ ಅದೇ, ಟರ್ಬೈನ್ ಅದೇ, ಸಾಲ ಮಾತ್ರ ಜಾಸ್ತಿ ಸಿಗುತ್ತದೆ! ಇನ್ನೊಂದು ಕಂಬದ ಖರ್ಚು ಇದರ ಮುಂದೆ ಏನೂ ಅಲ್ಲ, ಅಲ್ವಾ?

ಜಾಗ ಇದೆ ಅಂತ ಟರ್ಬೈನ್ ತುಂಬುವುದೂ ನನಗೆ ಒಪ್ಪಿಗೆಯಿಲ್ಲ. ಮುಂದಿನ ಸಾಲು ಹಿಂದಿನ ಸಾಲಿನ ಗಾಳಿ ಕದಿಯುತ್ತದೆ. ಗಾಳಿ ಹೆಚ್ಚು ಬೀಸುವ ದಿಕ್ಕಿನಲ್ಲಿ ರೋಟರ್ (ತಿರುಗುವ ರೆಕ್ಕೆಗಳ ಚಕ್ರ) ವ್ಯಾಸದ ಏಳೆಂಟು ಪಟ್ಟು ಅಂತರ ಬಿಡಿಸುತ್ತೇನೆ. ಅಡಿಪಾಯ, ಕ್ರೇನ್, ಉದ್ದದ ರೆಕ್ಕೆ ಸಾಗಿಸಲು ರಸ್ತೆ ಇವೆಲ್ಲ ಗೊತ್ತಿರುವ ಕೆಲಸಗಳೇ. ರಸ್ತೆಯ ತಿರುವುಗಳನ್ನು ಮಾತ್ರ ಆರ್ಡರ್ ಕೊಡುವ ಮೊದಲು ಅಳೆಸಿ.

ನಿರ್ವಹಣಾ ಒಪ್ಪಂದವನ್ನು ಬಹಳ ಜನ ಮೇಲೆ ಮೇಲೆ ಓದುತ್ತಾರೆ. 'ಶೇ. 97 ಲಭ್ಯತೆ', ಅಂದರೆ ಅಷ್ಟು ಸಮಯ ಟರ್ಬೈನ್ ಓಡಲು ಸಿದ್ಧ ಇರುತ್ತದೆ ಅನ್ನುವುದು, ಕೇಳಲು ಚೆನ್ನಾಗಿದೆ. ಉಳಿದ ಶೇ. 3 ಅಂದರೆ ವರ್ಷಕ್ಕೆ ಹನ್ನೊಂದು ದಿನ. ಆ ದಿನಗಳು ಗಾಳಿ ಜೋರಾಗಿರುವ ತಿಂಗಳಲ್ಲಿ ಬಿದ್ದರೆ ನಷ್ಟ ಶೇ. 3ಕ್ಕೆ ನಿಲ್ಲುವುದಿಲ್ಲ. ನಾನು ಲಭ್ಯತೆಯನ್ನು ಗಂಟೆಗಳಲ್ಲಿ ಅಲ್ಲ, ಯೂನಿಟ್‌ಗಳಲ್ಲಿ ಲೆಕ್ಕ ಹಾಕಲು ಒಪ್ಪಿಸುತ್ತೇನೆ. ಆಗ ಸರ್ವಿಸ್ ಕೆಲಸವನ್ನು ಗಾಳಿ ಕಡಿಮೆ ಇರುವ ತಿಂಗಳಿಗೆ ನಿರ್ವಹಣೆಯವರೇ ಇಟ್ಟುಕೊಳ್ಳುತ್ತಾರೆ.