ಲೇಸರ್ ಪವರ್ ಏರಿಸೋ ಮೊದ್ಲು ಬೀಮ್ ನೋಡ್ಕೊಳ್ಳಿ

ಸಿಓಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಲೇಸರ್‌ನಲ್ಲಿ ಕಟಿಂಗ್ ಸರಿ ಬರ್ತಿಲ್ಲ ಅಂದ್ರೆ ಎಲ್ರೂ ಮೊದ್ಲು ಕೈ ಹಾಕೋದು ಪವರ್‌ಗೆ. ಆದ್ರೆ ಎಷ್ಟೋ ಸಲ ತೊಂದ್ರೆ ಇರೋದು ಬೀಮ್‌ನಲ್ಲಿ, ಅಂದ್ರೆ ಲೇಸರ್ ಕಿರಣದಲ್ಲಿ. ಲೆಕ್ಕ ಹಾಕಿ: ತರಂಗಾಂತರ 10.6 ಮೈಕ್ರಾನ್, ಲೆನ್ಸ್ ಮೇಲೆ ಬೀಳೋ ಬೀಮ್ 15 ಎಂಎಂ, ಫೋಕಲ್ ಲೆಂತ್ 127 ಎಂಎಂ. ಬೀಮ್ ಆದರ್ಶವಾಗಿದ್ರೆ, ಅಂದ್ರೆ ಬೀಮ್ ಗುಣಮಟ್ಟ ಹೇಳೋ ಎಂ ಸ್ಕ್ವೇರ್ ಅನ್ನೋ ಸಂಖ್ಯೆ 1 ಇದ್ರೆ, ಸುಮಾರು 0.11 ಎಂಎಂ ಚುಕ್ಕೆ ಸಿಗುತ್ತೆ. ಅದೇ ಎಂ ಸ್ಕ್ವೇರ್ 2 ಆಯ್ತೋ, ಚುಕ್ಕೆ ಅಗಲ ಡಬಲ್, ಅದೇ ಪವರ್ ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುತ್ತೆ.

ಹಂತ 1: ಅಕ್ರಿಲಿಕ್ ಸುಟ್ಟು ನೋಡಿ. ಈ ಕಿರಣ ಕಣ್ಣಿಗೆ ಕಾಣಲ್ಲ, ಆದ್ರೆ ಕಾರ್ನಿಯಾ ಸುಡುತ್ತೆ, ಹಾಗಾಗಿ 10.6 ಮೈಕ್ರಾನ್‌ಗೇ ಮಾಡಿರೋ ಗಾಗಲ್ಸ್ ಹಾಕ್ಕೊಂಡೇ ಶುರು ಮಾಡಿ. ಲೆನ್ಸ್ ತೆಗೆದು, ದಪ್ಪ ಅಕ್ರಿಲಿಕ್ ತುಂಡಿನ ಮೇಲೆ ಸ್ವಲ್ಪ ಹೊತ್ತು ಬೀಮ್ ಬಿಡಿ. ಎಕ್ಸಾಸ್ಟ್ ಆನ್ ಇರ್ಲಿ, ಪಕ್ಕದಿಂದ ಮೆಲ್ಲಗೆ ಗಾಳಿನೂ ಬಿಡಿ, ಇಲ್ಲಾಂದ್ರೆ ಗುಳಿಯೊಳಗೆ ನಿಂತ ಹೊಗೆನೇ ಬೀಮ್ ತಡೆದು ಸುಳ್ಳು ಆಕಾರ ತೋರಿಸುತ್ತೆ. ಗುಳಿ ಮಧ್ಯದಲ್ಲಿ ಆಳವಾಗಿ, ಅಂಚಿನ ಕಡೆ ನಯವಾಗಿ ಏರಿದ್ರೆ ಬೀಮ್ ಚೆನ್ನಾಗಿದೆ. ಉದ್ದಿನವಡೆ ಒತ್ತಿದ ಅಚ್ಚಿನ ಥರ ಸುತ್ತ ಗುಳಿ, ಮಧ್ಯ ದಿಬ್ಬ ಇದ್ರೆ ಬೇಡದ ಮೋಡ್ (ಬೀಮ್‌ನಲ್ಲಿ ಬೆಳಕು ಹಂಚಿಕೊಳ್ಳೋ ಮಾದರಿ) ಸೇರ್ಕೊಂಡಿದೆ. ಒಂದೇ ಕಡೆ ವಾಲಿದ್ರೆ ಮಿರರ್ ಅಲೈನ್‌ಮೆಂಟ್ ಮೇಲೆ ಅನುಮಾನ ಪಡಿ.

ಹಂತ 2: ಮಿರರ್, ಅಪರ್ಚರ್. ಕೆಂಪು ಪಾಯಿಂಟರ್ ಲೇಸರ್ ಇಟ್ಕೊಂಡು ಹಿಂದಿನ ಮಿರರ್, ಮುಂದಿನ ಔಟ್‌ಪುಟ್ ಮಿರರ್ ಒಂದಕ್ಕೊಂದು ನೇರ ಮಾಡಿ. ಸೀಲ್ಡ್ ಗಾಜಿನ ಟ್ಯೂಬ್ ಆದ್ರೆ ಒಳಗಿನ ಮಿರರ್ ತಂಟೆಗೆ ಹೋಗ್ಬೇಡಿ, ಹೊರಗಿನವು ಮಾತ್ರ. ದೊಡ್ಡ ಮೆಷಿನ್‌ನಲ್ಲಿ ಮಿರರ್‌ಗಳ ನಡುವೆ ಅಪರ್ಚರ್, ಅಂದ್ರೆ ಕಿರಣ ಹಾಯೋ ಸಣ್ಣ ರಂಧ್ರ, ಹಾಕ್ತಾರೆ: ಬೇಡದ ಮೋಡ್‌ಗಳು ಅಗಲ ಹರಡೋದ್ರಿಂದ ಅಂಚಿಗೆ ಬಡಿದು ಸಾಯ್ತವೆ. ಪವರ್ ಸ್ವಲ್ಪ ಕಮ್ಮಿ ಆಗುತ್ತೆ, ಆಗ್ಲಿ ಬಿಡಿ, ಆ ಪವರ್ ಹೇಗೂ ಚುಕ್ಕೆಯಿಂದ ಹೊರಗೇ ಬೀಳ್ತಿತ್ತು.

ಹಂತ 3: ಗ್ಯಾಸ್ ತಣ್ಣಗಿಡಿ. ಬಾರಾಮತಿಯಲ್ಲಿ ಹುಟ್ಟಿದ ವಿಜ್ಞಾನಿ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಈ ಲೇಸರ್ ಮಾಡಿ ತೋರ್ಸಿದ್ರು, ಅವತ್ತಿಂದ ಇವತ್ತಿನವರೆಗೂ ಇದ್ರ ದೊಡ್ಡ ಶತ್ರು ಬಿಸಿನೇ. ಲೇಸರ್ ಒಳಗಿನ ಗ್ಯಾಸ್ ಮಿಶ್ರಣದಲ್ಲಿ ನೈಟ್ರೋಜನ್ ಕಾರ್ಬನ್ ಡೈಆಕ್ಸೈಡ್‌ಗೆ ಎನರ್ಜಿ ದಾಟಿಸುತ್ತೆ, ಹೀಲಿಯಂ ಬಿಸಿನ ಹೊರಗೆ ಸಾಗಿಸುತ್ತೆ. ಬಿಸಿ ಸರಿಯಾಗಿ ಹೊರಗೆ ಹೋಗ್ಲಿಲ್ಲ ಅಂದ್ರೆ ಗೇನ್ (ಗ್ಯಾಸ್ ಬೆಳಕನ್ನ ಹೆಚ್ಚಿಸೋ ಪ್ರಮಾಣ) ಬೀಳೋದಷ್ಟೇ ಅಲ್ಲ, ಕೆಲವು ಕಡೆ ಗ್ಯಾಸ್ ತೆಳುವಾಗಿ, ಕೆಲವು ಕಡೆ ದಟ್ಟವಾಗಿ ವಕ್ರೀಭವನ ಬದಲಾಗಿ ಬೀಮ್ ಸೊಟ್ಟ ಆಗುತ್ತೆ. ಅದಕ್ಕೇ ಬ್ಲೋವರ್, ಹೀಟ್ ಎಕ್ಸ್‌ಚೇಂಜರ್, ಚಿಲ್ಲರ್ ನೀರು ಮೊದ್ಲು ಚೆಕ್ ಮಾಡಿ.

ಹಂತ 4: ಲೆನ್ಸ್ ಒರೆಸಿ. ಝಿಂಕ್ ಸೆಲೆನೈಡ್ ಲೆನ್ಸ್ ಮೇಲಿನ ಕೊಳೆ ಬಿಸಿ ಹೀರುತ್ತೆ, ಲೆನ್ಸ್ ಉಬ್ಬುತ್ತೆ, ಫೋಕಸ್ ಜಾರುತ್ತೆ. ಅಸಿಟೋನ್ ಹಾಕಿದ ಲೆನ್ಸ್ ಟಿಶ್ಯೂ ಒಂದೇ ಸಲ ಎಳೀರಿ, ಉಜ್ಜಬೇಡಿ. ಸುಟ್ಟು ಬಿರುಕು ಬಿಟ್ಟ ಲೆನ್ಸ್ ಬರಿಗೈಲಿ ಮುಟ್ಟಬೇಡಿ, ಅದು ವಿಷ.

ಇನ್ನೂ ದೊಡ್ಡ ಪವರ್‌ಗೆ ಹೋದ್ರೆ ಅನ್‌ಸ್ಟೇಬಲ್ ರೆಸೊನೇಟರ್, ಅಂದ್ರೆ ಬೀಮ್ ಮಿರರ್ ಅಂಚಿನ ಸುತ್ತ ಹೊರಗೆ ಬರೋ ಥರದ ಮಿರರ್ ಜೋಡಣೆ, ಬರುತ್ತೆ. ಅದ್ರಲ್ಲಿ ಲೇಸರ್ ಹತ್ರ ಸುಟ್ರೆ ಉಂಗುರದ ಗುರುತೇ ಬೀಳೋದು, ಅದು ಡಿಸೈನೇ ಹಾಗೆ. ಅಲ್ಲಿ ಟೆಸ್ಟ್ ಮಾಡ್ಬೇಕಾಗಿರೋದು ಫೋಕಸ್ ಆಗೋ ಜಾಗದಲ್ಲಿ.