ಡೇಟಾ ಕಳುವಾದ ಮೇಲೆ ಅಂಗಡಿಯವರಿಗೆ ಏನು ಹೇಳಿದೆ

ಮೈಸೂರು, ಮಂಡ್ಯ ಕಡೆಯ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟು ಸರ್ವೀಸ್ ನೋಡಿಕೊಳ್ಳುವುದು ನನ್ನ ಕೆಲಸ. ಸಾಫ್ಟ್‌ವೇರ್ ಬೇರೆ ಕಂಪನಿಯದ್ದು, ಹೆಸರು ಇಲ್ಲಿ ಬೇಡ. ಅವರ ಸರ್ವರ್‌ನಿಂದ ಗ್ರಾಹಕರ ಬ್ಯಾಕಪ್ ಕಳುವಾಯಿತು. ಕಂಪನಿ ಎಲ್ಲೋ ದೂರದಲ್ಲಿದೆ. ದೇವರಾಜ ಮಾರ್ಕೆಟ್ ಸುತ್ತಮುತ್ತಲಿನ ಅಂಗಡಿಯವರಿಗೆ ಗೊತ್ತಿರುವುದು ನನ್ನ ಮುಖ ಮಾತ್ರ. ಬೈಗುಳ ತಿನ್ನುವವನೂ ನಾನೇ ಅಲ್ವಾ?

ಎಲ್ಲರಿಗೂ ಕಳಿಸಿ ಅಂತ ಕಂಪನಿಯವರು ಒಂದು ಇಮೇಲ್ ಬರೆದುಕೊಟ್ಟರು. ‘ನಿಮ್ಮ ಸುರಕ್ಷತೆಯೇ ನಮ್ಮ ಆದ್ಯತೆ’, ‘ಕೆಲವೇ ಗ್ರಾಹಕರಿಗೆ ತೊಂದರೆಯಾಗಿದೆ’ ಅಂತೆಲ್ಲ ಇತ್ತು. ನಾನು ಕಳಿಸಲಿಲ್ಲ. ತನಿಖೆ ಮುಗಿಯುವ ಮೊದಲೇ ‘ಕೆಲವೇ’ ಅನ್ನುವುದು ಅಪಾಯ. 2013ರ ಅಕ್ಟೋಬರ್‌ನಲ್ಲಿ ಅಡೋಬಿ ಕಂಪನಿ ಮೊದಲು 29 ಲಕ್ಷ ಗ್ರಾಹಕರ ಮಾಹಿತಿ ಹೋಗಿದೆ ಅಂದಿತ್ತು. ಅದೇ ತಿಂಗಳ ಕೊನೆಗೆ ಲೆಕ್ಕ 3.8 ಕೋಟಿಗೆ ಏರಿತು. ಹಾಗಾದ ಮೇಲೆ ನಿಜ ಹೇಳಿದರೂ ಯಾರು ನಂಬುತ್ತಾರೆ?

ಒಂದೊಂದು ಅಂಗಡಿಯದೂ ಏನೇನು ಹೋಗಿದೆ ಪಟ್ಟಿ ಕೊಡಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತಲೇ ಬರೆಯಿರಿ ಅಂತ ಹಠ ಹಿಡಿದೆ. ಇಂಥದ್ದಾದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನಲ್ಲೇ ಆದೇಶವಾಗಿದೆ. ಅದನ್ನು ಮಾಡಿದ್ದರು. ಪಟ್ಟಿ ಕೊಡೋಕೆ ಮಾತ್ರ ಮೀನಮೇಷ. 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ಇದೆ ಅಂತ ನೆನಪಿಸಿದೆ. ಆಮೇಲೆ ಬೇಗನೇ ಬಂತು!

ಚಿಕ್ಕ ಅಂಗಡಿಗಳಿಗೆ ಫೋನ್ ಮಾಡಿದೆ. ಉದ್ರಿ ವ್ಯವಹಾರ ಜಾಸ್ತಿ ಇರುವವರ ಹತ್ತಿರ ನಾನೇ ಹೋದೆ. ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಸರ್ವರ್, ಪಾಸ್‌ವರ್ಡ್ ಅಂತ ಶುರು ಮಾಡುತ್ತಿದ್ದಂತೆ ಯಜಮಾನರು ಕೈ ಅಡ್ಡ ಹಿಡಿದರು. “ಅದೆಲ್ಲಾ ಇರ್ಲಿ ಬುಡಿ ಸಾ. ನಮ್ ಮುಂಗಡದ ಲೆಕ್ಕ ಪಕ್ಕದ ಮಂಡಿಯೋರಿಗೆ ಗೊತ್ತಾಯ್ತದಾ?”

ಅವರ ಭಯ ಸುಮ್ನೆ ಅಲ್ಲ. ಯಾವ ಆಲೆಮನೆಗೆ ಎಷ್ಟು ಮುಂಗಡ ಕೊಟ್ಟಿದ್ದಾರೆ, ಎಷ್ಟು ಬಾಕಿ ಇದೆ ಎಲ್ಲ ಅದರಲ್ಲಿತ್ತು. ಇನ್ನೊಬ್ಬರು ಆ ಬಾಕಿ ತೀರಿಸಿಬಿಟ್ಟರೆ ಬೆಲ್ಲ ಅವರ ಮಂಡಿಗೆ ಇಳಿಯುತ್ತದೆ. “ಪಟ್ಟಿಯಲ್ಲಿ ಅದೂ ಇದೆ ಯಜಮಾನ್ರೇ. ಯಾರ ಕೈ ಸೇರಿದೆ ಅಂತ ಗೊತ್ತಿಲ್ಲ” ಅಂದೆ. ಚೆನ್ನಾಗಿ ಬೈದರು. ಬೈದು ಮುಗಿಸಿ, ಮುಂಗಡದ ಲೆಕ್ಕ ಇನ್ನು ಮೇಲೆ ಪುಸ್ತಕದಲ್ಲೇ ಇರಲಿ, ಬಿಲ್ ಮಾತ್ರ ಕಂಪ್ಯೂಟರ್‌ನಲ್ಲಿ ಸಾಕು ಅಂದರು. ಹಾಗೇ ಮಾಡಿಕೊಟ್ಟೆ. ಕಂಪನಿಯವರಿಗೆ ಇದು ಹಿಡಿಸಲಿಲ್ಲ. ನನಗೆ ಸರಿ ಅನ್ನಿಸಿತು. ಸರ್ವರ್‌ನಲ್ಲಿ ಇಲ್ಲದ್ದನ್ನು ಯಾರೂ ಕದಿಯೋಕಾಗಲ್ಲ. ಇದೇ ಏರ್ಪಾಡನ್ನು ಬೇರೆ ಅಂಗಡಿಗಳಲ್ಲೂ ನಾನೇ ಕೇಳಿ ಮಾಡಿಸಿದೆ.

ಪಾಸ್‌ವರ್ಡ್‌ಗಳು ಹ್ಯಾಶ್ ರೂಪದಲ್ಲಿದ್ದವು, ಅಂದರೆ ಪಾಸ್‌ವರ್ಡ್ ಬದಲು ಅದರಿಂದ ಲೆಕ್ಕ ಹಾಕಿ ತೆಗೆದ ಅಕ್ಷರ-ಅಂಕಿಗಳ ಸಾಲು ಮಾತ್ರ ಇತ್ತು. ಕಾಫಿ ಪುಡಿಯಿಂದ ಮತ್ತೆ ಬೀಜ ಮಾಡೋಕಾಗುತ್ತಾ? ಹಾಗೆ, ಹ್ಯಾಶ್‌ನಿಂದ ಪಾಸ್‌ವರ್ಡ್ ವಾಪಸ್ ಬರಲ್ಲ ಅಂತ ವಿವರಿಸಿದೆ. ಆದರೆ ಅಂಗಡಿ ಹೆಸರಿನ ಮುಂದೆ 123 ಹಾಕಿಕೊಂಡವರೇ ಜಾಸ್ತಿ. ಅದನ್ನು ಊಹಿಸಿ ತಾಳೆ ನೋಡೋಕೆ ಕಷ್ಟವೇನಿಲ್ಲ. ಎಷ್ಟೋ ಜನ ಜಿಮೇಲ್‌ಗೂ ಜಿಎಸ್‌ಟಿ ಪೋರ್ಟಲ್‌ಗೂ ಅದನ್ನೇ ಇಟ್ಟಿದ್ದರು. ಎಲ್ಲವನ್ನೂ ನನ್ನ ಎದುರಿಗೇ ಬದಲಾಯಿಸೋ ಹಾಗೆ ಮಾಡಿದೆ.

ಕಳುವಿಗಿಂತ ಅದರ ಹಿಂದೆ ಬಂದ ಕರೆಗಳೇ ದೊಡ್ಡ ತಲೆನೋವು. “ಸಾಫ್ಟ್‌ವೇರ್ ಕಂಪನಿಯಿಂದ, ಡೇಟಾ ಸರಿ ಮಾಡ್ತೀವಿ, ಒಟಿಪಿ ಹೇಳಿ” ಅಂತ. ಕರೆ ಮಾಡಿದವನು ಅಂಗಡಿಯ ಹೆಸರು, ಹಳೇ ಬಿಲ್ ನಂಬರ್ ಸಮೇತ ಹೇಳಿದರೆ ನಂಬದೇ ಇರುವವರು ಯಾರು? ಅದಕ್ಕೆ ಎಲ್ಲ ಮಾನಿಟರ್‌ಗಳ ಅಂಚಿಗೂ ಸ್ಟಿಕ್ಕರ್ ಅಂಟಿಸಿದೆ: ‘ಒಟಿಪಿ ನಾವು ಯಾವತ್ತೂ ಕೇಳಲ್ಲ. ಫೋನ್ ಇಡಿ. ಈ ನಂಬರ್‌ಗೆ ನೀವೇ ಮಾಡಿ.’ ಕೆಳಗೆ ನನ್ನ ನಂಬರ್, ದುಡ್ಡು ಹೋಗಿದ್ದರೆ ತಕ್ಷಣ ಕರೆ ಮಾಡಬೇಕಾದ ಸೈಬರ್ ವಂಚನೆ ಸಹಾಯವಾಣಿ 1930. ಬಿಲ್ ಹಾಕುವ ಹುಡುಗರಿಗೂ ಓದಿ ಹೇಳಿದೆ, ಫೋನ್ ಎತ್ತುವವರು ಅವರೇ ತಾನೇ.

ಸಾಫ್ಟ್‌ವೇರೇ ಬೇಡ ಅಂದವರೂ ಇದ್ದರು. ತಡೆಯಲಿಲ್ಲ. ಅವರ ಡೇಟಾ ಪೂರ್ತಿ ಎಕ್ಸೆಲ್‌ನಲ್ಲಿ ತೆಗೆದುಕೊಟ್ಟೆ, ಸರ್ವರ್‌ನಿಂದ ಅಳಿಸಿದ್ದಕ್ಕೆ ಕಂಪನಿಯಿಂದ ಪತ್ರ ತರಿಸಿಕೊಟ್ಟೆ. ಅವರಲ್ಲಿ ಒಬ್ಬರು, ಔಷಧಿ ಅಂಗಡಿಯವರು, ಪ್ರಿಂಟರ್ ಕೆಟ್ಟರೆ ಈಗಲೂ ನನಗೇ ಫೋನ್ ಮಾಡುತ್ತಾರೆ. ಸಾಫ್ಟ್‌ವೇರ್ ಮಾತ್ರ ಬೇರೆಯವರದ್ದು.